ಅಪ್ಪನ ಮರೆವಿನ ಕಾಯಿಲೆ, ಬ್ಯಾಂಕು, ವಿಲ್ಲು: ನಾವು ನಡೆಸ್ಕೊಂಡು ಬಂದ ರೀತಿ

ಅಪ್ಪಂಗೆ ಡಿಮೆನ್ಷಿಯಾ ಶುರುವಾಗಿದೆ ಅಂತ ನಿಮ್ಹಾನ್ಸ್‌ನಲ್ಲಿ ಹೇಳಿದ ಮೇಲೆ ಮನೆಗೆ ಬಂದೋರದ್ದೆಲ್ಲ ಒಂದೇ ಮಾತು, "ಬೇಗ ಒಂದು ಜಿಪಿಎ ಬರೆಸ್ಕೊಂಡ್ಬಿಡಮ್ಮ, ಮುಂದೆ ತೊಂದ್ರೆ ಇರಲ್ಲ". ಜಿಪಿಎ ಅಂದ್ರೆ ಜನರಲ್ ಪವರ್ ಆಫ್ ಅಟಾರ್ನಿ, ಅಪ್ಪನ ಪರವಾಗಿ ನಾವು ಸೈನ್ ಹಾಕಿ ವ್ಯವಹಾರ ನಡೆಸೋಕೆ ಅವರು ಕೊಡೋ ಅಧಿಕಾರ ಪತ್ರ. ನಾವು ಲಾಯರ್ ಹತ್ರ ಹೋಗಿದ್ದೂ ಅದಕ್ಕೇನೇ. ಅವರು ಬೇಡ ಅಂದ್ರು. 1872ರ ಕಾಂಟ್ರಾಕ್ಟ್ ಆಕ್ಟ್ 201ನೇ ಸೆಕ್ಷನ್ ಪ್ರಕಾರ, ಪವರ್ ಕೊಟ್ಟೋರ ಬುದ್ಧಿ ಸ್ಥಿಮಿತ ತಪ್ಪಿದ್ರೆ ಆ ಪವರ್ ಆಫ್ ಅಟಾರ್ನಿ ಅಲ್ಲಿಗೇ ಮುಗೀತು. ಅಂದ್ರೆ ನಮಗೆ ಅದು ನಿಜವಾಗಿ ಬೇಕಾಗೋ ಹೊತ್ತಿಗೇ ಅದಕ್ಕೆ ಜೀವ ಇರಲ್ಲ. ಅಮೆರಿಕದಲ್ಲಿರೋ ಅಣ್ಣ "ಇಲ್ಲಿ ನೆನಪು ಹೋದಮೇಲೂ ನಡೆಯೋ ಥರ ಬರೆಸ್ಬಹುದು" ಅಂತಿದ್ದ, ನಮ್ಮ ದೇಶದಲ್ಲಿ ಆ ಸೌಲಭ್ಯ ಇಲ್ಲ.

ಹಾಗಾಗಿ ಅಪ್ಪಂಗೆ ಇನ್ನೂ ತಿಳುವಳಿಕೆ ಇರೋವಾಗ್ಲೇ, ಅವರನ್ನ ಕೂರಿಸ್ಕೊಂಡು ಅವರ ಕೈಯಲ್ಲೇ ಎಲ್ಲ ಮಾಡಿಸ್ಬೇಕು ಅಂತ ತೀರ್ಮಾನ ಮಾಡಿದ್ವಿ. ಬೆಳಿಗ್ಗೆ ತಿಂಡಿ ಆದಮೇಲೆ ಅವರು ಚೆನ್ನಾಗಿರ್ತಿದ್ರು, ಸಂಜೆ ಆದ್ರೆ ಗೊಂದಲ, ಅದಕ್ಕೇ ಕಾಗದದ ಕೆಲಸ ಎಲ್ಲ ಬೆಳಿಗ್ಗೇನೇ.

ಅಪ್ಪ ಮೈಸೂರಿನ ರೈಲ್ವೆ ವರ್ಕ್‌ಶಾಪ್‌ನಲ್ಲಿದ್ದವರು, ಪೆನ್ಷನ್ ಬರತ್ತೆ. ಪೆನ್ಷನ್ ಅಕೌಂಟಿಗೆ ಅಮ್ಮನ ಹೆಸರು ಸೇರಿಸಿ 'ಐದರ್ ಆರ್ ಸರ್ವೈವರ್' (ಇಬ್ಬರಲ್ಲಿ ಯಾರಾದ್ರೂ ಒಬ್ಬರು, ಅಥವಾ ಉಳಿದೋರು ನಡೆಸ್ಬಹುದಾದ ಜಂಟಿ ಖಾತೆ) ಮಾಡಿಸಿದ್ವಿ, ಈಗ ತಿಂಗಳ ಖರ್ಚೆಲ್ಲ ಅಮ್ಮನ ಸೈನ್ ಮೇಲೆ ನಡೀತಿದೆ. ಎಫ್‌ಡಿ ವಿಷಯ ಮಾತ್ರ ಬೇರೆ, ಇದನ್ನ ತುಂಬ ಜನ ಗಮನಿಸಲ್ಲ: ಐದರ್ ಆರ್ ಸರ್ವೈವರ್ ಇದ್ರೂ ಅವಧಿಗೆ ಮುಂಚೆ ಮುರಿಸ್ಬೇಕು ಅಂದ್ರೆ ಸಾಮಾನ್ಯವಾಗಿ ಇಬ್ಬರ ಸೈನೂ ಕೇಳ್ತಾರೆ, ಒಬ್ಬರ ಸೈನ್ ನಡೆಯೋದು ಮೆಚ್ಯೂರ್ ಆದಾಗ. ಅದಕ್ಕೇ ದೊಡ್ಡ ಎಫ್‌ಡಿ ಮೆಚ್ಯೂರ್ ಆಗಿ ದುಡ್ಡು ಬಂದಾಗ ಅದನ್ನ ಸಣ್ಣ ಸಣ್ಣದಾಗಿ ಒಡೆದು ಬೇರೆ ಬೇರೆ ತಿಂಗಳು ಮೆಚ್ಯೂರ್ ಆಗೋ ಹಾಗೆ ಇಟ್ವಿ, ಆಸ್ಪತ್ರೆಗೆ ದುಡ್ಡು ಬೇಕಾದ್ರೆ ಯಾವುದೋ ಒಂದು ಕೈಗೆ ಬರತ್ತೆ. ನಾಮಿನಿ ಇದ್ರೆ ಸಾಕು ಅಂತಾರಲ್ಲ, ನಾಮಿನಿಗೆ ದುಡ್ಡು ಬರೋದು ಅಕೌಂಟ್ ಇಟ್ಟೋರು ಹೋದಮೇಲೆ, ಇರೋವಾಗ ಖರ್ಚಿಗೆ ಅದರಿಂದ ಏನೂ ಆಗಲ್ಲ.

ವಿಲ್ ಬಗ್ಗೆ ನಾನು ತುಂಬ ಯೋಚನೆ ಮಾಡಿದ್ದೆ. ಡಿಮೆನ್ಷಿಯಾ ಅಂತ ರಿಪೋರ್ಟ್ ಬಂದ ಮಾತ್ರಕ್ಕೆ ವಿಲ್ ಬರೆಯೋ ಹಕ್ಕು ಹೋಗಲ್ಲ. ಬರೆಯೋ ಹೊತ್ತಲ್ಲಿ ತಾನೇನು ಮಾಡ್ತಿದೀನಿ ಅಂತ ಅವರಿಗೆ ಗೊತ್ತಿರ್ಬೇಕು, ಇಷ್ಟೇ ಕಾನೂನು. ರಿಜಿಸ್ಟರ್ ಮಾಡಿಸೋದು ಕಡ್ಡಾಯ ಅಲ್ಲ, ಇಬ್ಬರು ಸಾಕ್ಷಿ ಮಾತ್ರ ಬೇಕೇ ಬೇಕು. ನಾವು ಡಾಕ್ಟರ ಹತ್ರ ಅದೇ ದಿನದ ಸರ್ಟಿಫಿಕೇಟ್ ತಗೊಂಡು, ಆಸ್ತೀಲಿ ಪಾಲಿಲ್ಲದ ಇಬ್ಬರನ್ನ ಸಾಕ್ಷಿ ಮಾಡ್ಕೊಂಡು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರೂ ಮಾಡಿಸಿದ್ವಿ. ಅಪ್ಪನೇ ನಂಜನಗೂಡಿನ ಕಡೆ ಇರೋ ಜಮೀನು ಯಾರಿಗೆ, ಮನೆ ಯಾರಿಗೆ ಅಂತ ಬಾಯಿಬಿಟ್ಟು ಹೇಳಿದ್ರು. ಮಗಳಾಗಿ ನಾನು ರೂಮಿನಿಂದ ಆಚೆ ಇದ್ದೆ, ಬೇಕಂತಲೇ.

ಕಾಯಿಲೆ ಮುಂದುವರಿದ ಮೇಲೆ ಹಳೇ ಟ್ರಂಕಲ್ಲಿ ಇನ್ನೊಂದು ಬ್ಯಾಂಕಿನ ಎಫ್‌ಡಿ ರಸೀದಿ ಸಿಕ್ತು, ಅವರೊಬ್ಬರ ಹೆಸರಲ್ಲೇ. ನೆಂಟರೊಬ್ರು "ಕೈ ಹಿಡಿದು ಸೈನ್ ಹಾಕಿಸ್ಬಿಡು, ನಿಮ್ಮಪ್ಪನ ದುಡ್ಡು ತಾನೇ" ಅಂದ್ರು. ನಾನು ಒಪ್ಪಲಿಲ್ಲ. ಅರ್ಥ ಆಗದೇ ಹಾಕಿದ ಸೈನಿಗೆ ಕಾನೂನಲ್ಲಿ ಬೆಲೆ ಇಲ್ಲ ಅನ್ನೋದು ಒಂದು, ಜೀವಮಾನ ಪೂರ್ತಿ ಓದದೇ ಒಂದು ಕಾಗದಕ್ಕೂ ಸೈನ್ ಹಾಕದ ಮನುಷ್ಯ ಅವರು ಅನ್ನೋದು ಇನ್ನೊಂದು. ಬ್ಯಾಂಕಿನೋರು ಕೋರ್ಟ್ ಆರ್ಡರ್ ತನ್ನಿ ಅಂದ್ರು. ಆ ದಾರಿ ಉದ್ದ. 1987ರ ಮೆಂಟಲ್ ಹೆಲ್ತ್ ಆಕ್ಟಲ್ಲಿ ಆಸ್ತಿ ನೋಡ್ಕೊಳ್ಳೋಕೆ ಮ್ಯಾನೇಜರ್ ನೇಮಿಸೋ ಅವಕಾಶ ಇತ್ತು, ಅದರ ಜಾಗಕ್ಕೆ ಬಂದ 2017ರ ಕಾಯ್ದೆಯಲ್ಲಿ ಅದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ ಥರದವಕ್ಕೆ, ಡಿಮೆನ್ಷಿಯಾ ಅದರ ಪಟ್ಟೀಲಿಲ್ಲ. ಹಾಗಾಗಿ ಎಷ್ಟೋ ಮನೆಯವರು ಸಂವಿಧಾನದ 226ನೇ ವಿಧಿ ಅಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಗಾರ್ಡಿಯನ್ ಆಗ್ತಾರೆ. ಮನೆ ಮಾರಿ ಚಿಕಿತ್ಸೆ ನಡೆಸ್ಬೇಕಾದೋರಿಗೆ ಅದು ಬೇಕೇ ಬೇಕು. ನಮ್ಮ ಖರ್ಚು ಪೆನ್ಷನ್‌ನಲ್ಲೇ ನಡೀತಿರೋದ್ರಿಂದ ಆ ಎಫ್‌ಡಿ ತಾನಾಗೇ ರಿನ್ಯೂ ಆಗ್ಲಿ ಅಂತ ಹಾಗೇ ಬಿಟ್ಟಿದೀವಿ.

ಪೆನ್ಷನ್ ನಿಲ್ಲದ ಹಾಗೆ ಪ್ರತಿ ವರ್ಷ ಕೊಡೋ 'ಬದುಕಿದ್ದಾರೆ' ಅನ್ನೋ ಸರ್ಟಿಫಿಕೇಟ್, ಜೀವನ್ ಪ್ರಮಾಣ್, ನವೆಂಬರಲ್ಲಿ, 80 ದಾಟಿದೋರು ಅಕ್ಟೋಬರಿಂದಲೇ ಕೊಡಬಹುದು. ಬೆರಳಚ್ಚು ಸರಿಯಾಗಿ ಬರ್ತಿರ್ಲಿಲ್ಲ, ಈಗ ಮೊಬೈಲಲ್ಲಿ ಮುಖ ತೋರಿಸಿ ಮಾಡ್ತೀವಿ, ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡ್ಕೊಡೋ ವ್ಯವಸ್ಥೆನೂ ಇದೆ. ಅಪ್ಪನ ಹಳೇ ಸಿಮ್ ಮಾತ್ರ ರೀಚಾರ್ಜ್ ತಪ್ಪಿಸಲ್ಲ, ಆಧಾರ್ ಓಟಿಪಿ ಎಲ್ಲ ಅದಕ್ಕೇ ಬರೋದು. ಅವರ ದುಡ್ಡಲ್ಲಿ ಡೈಪರ್, ಔಷಧಿ, ನೋಡ್ಕೊಳ್ಳೋ ಹುಡುಗನ ಸಂಬಳ ಏನೇ ಕೊಟ್ರೂ ಒಂದು ನೋಟ್‌ಬುಕ್ಕಲ್ಲಿ ಬರೆದು ತಿಂಗಳ ಕೊನೇಲಿ ಫೋಟೋ ತೆಗೆದು ಅಣ್ಣಂಗೆ ವಾಟ್ಸಾಪ್ ಮಾಡ್ತೀನಿ, ಅವನು ಕೇಳಲ್ಲ, ಆದ್ರೂ ಕಳಿಸ್ತೀನಿ.