ಗ್ಯಾಸೇ ಇಲ್ಲದೆ ಕಿರುಚುತ್ತಿದ್ದ ಗ್ಯಾಸ್ ಅಲಾರಂ: ನನ್ನ ಅನುಭವ

ಗಾಡಿಯ ಹಿಂದೆ ಕಟ್ಟಿ ಎಳೆಯುವ, ಪುಟ್ಟ ಮನೆಯಂಥ ನಮ್ಮ ಟ್ರೇಲರ್‌ನ ಪ್ರೊಪೇನ್ ಅಲಾರಂ (ಅಡುಗೆ ಗ್ಯಾಸ್ ಸೋರಿದರೆ ಕೂಗುವ ಪೆಟ್ಟಿಗೆ) ಬಾಯಿ ಮುಚ್ಚಿ ಎಂಟು ತಿಂಗಳಾಯಿತು. ಈಗ ಧೈರ್ಯವಾಗಿ ಬರೆಯಬಹುದು. ಅದನ್ನು ಕಿರುಚಿಸುತ್ತಿದ್ದದ್ದು ಪ್ರೊಪೇನ್ ಅಲ್ಲ, ಬ್ಯಾಟರಿಯಿಂದ ಬರುತ್ತಿದ್ದ ಹೈಡ್ರೋಜನ್ ಅಂತ ನಾನು ಹೇಳಿದಾಗ "ಹೈಡ್ರೋಜನ್ ಮೇಲಕ್ಕೆ ಹೋಗತ್ತೆ ಮಾರಾಯ, ನಿನ್ನ ಅಲಾರಂ ಇರೋದು ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಸಾಧ್ಯವೇ ಇಲ್ಲ" ಎಂದು ವಾದ ಮಾಡಿದ ಅಮೆರಿಕದ ಫೀನಿಕ್ಸ್‌ನ ಗೆಳೆಯರೆಲ್ಲ ಇದನ್ನು ಓದಲಿ.

ಟ್ರೇಲರ್ 2014ರ ಮಾಡೆಲ್, 24 ಅಡಿ. 2021ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹೆಚ್ಚು ಕಡಿಮೆ 13,000 ಡಾಲರ್. ಹಿಂದಿನ ಮಾಲೀಕರು ಒಂದು ಕೆಲಸ ಮಾಡಿದ್ದರು. ಮುಂದೆ ಕೊಕ್ಕೆಯ ಹತ್ತಿರ ಇರಬೇಕಾದ ಬ್ಯಾಟರಿಯನ್ನು ಕಳ್ಳರ ಭಯಕ್ಕೆ ಒಳಗೆ ತಂದು ಮಂಚದ ಕೆಳಗಿನ ಗೂಡಿನಲ್ಲಿ ಕೂರಿಸಿದ್ದರು. 6 ವೋಲ್ಟಿನ ಎರಡು ಗಾಲ್ಫ್ ಕಾರ್ಟ್ ಬ್ಯಾಟರಿಗಳು, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಹೊರಗೆ ಗಾಳಿ ಹೋಗುವ ಪೈಪ್ ಇರಲಿಲ್ಲ. ಎಂಥ ಬುದ್ಧಿವಂತಿಕೆ ಅಂತ ಆಗ ನಾನೂ ಮೆಚ್ಚಿದ್ದೆ.

ಮೊದಲ ಸಲ ಕಿರುಚಿದ್ದು ಗ್ರ್ಯಾಂಡ್ ಕ್ಯಾನ್ಯನ್‌ನ ಟ್ರೇಲರ್ ವಿಲೇಜ್‌ನಲ್ಲಿ, ಅಂದರೆ ಕರೆಂಟ್ ಕನೆಕ್ಷನ್ ಇರುವ ಕ್ಯಾಂಪಿನಲ್ಲಿ. ಅಕ್ಟೋಬರ್, 7,000 ಅಡಿ ಎತ್ತರ, ರಾತ್ರಿ ಮೂರು ಗಂಟೆ. ಚಳಿಗೆ ಎಲ್ಲ ಕಿಟಕಿಗಳೂ ಬಂದ್. ಅರ್ಧ ನಿಮಿಷಕ್ಕೊಮ್ಮೆ ಟಿಕ್ ಅನ್ನುವ ಲೋ ವೋಲ್ಟೇಜ್ ಸದ್ದಲ್ಲ, ಕೆಂಪು ದೀಪದ ಪೂರ್ತಿ ಕಿರುಚಾಟ. ಊರಿಂದ ಬಂದಿದ್ದ ನಮ್ಮತ್ತೆ ಎದ್ದು ಕೂತು ರಾಮ ರಾಮ ಅನ್ನುತ್ತಿದ್ದರು. ಎಲ್ಲರನ್ನೂ ಹೊರಗೆ ಕಳಿಸಿ, ಸಿಲಿಂಡರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದೆ. ಐದು ನಿಮಿಷಕ್ಕೆ ಸದ್ದು ನಿಂತಿತು.

ನನ್ನ ಹೆಂಡತಿ ಹೊರಗೆ ನಿಂತು ನಡುಗುತ್ತಾ ಹೇಳಿದಳು: "ರೀ, ಇದು ಸಿಲಿಂಡರ್ ವಾಸನೆ ಅಲ್ಲ. ಪಾನಿಪುರಿ ನೀರಿನ ವಾಸನೆ."

ನಾನು ನಕ್ಕೆ. ಆ ನಗುವಿನ ಬೆಲೆ ಸುಮಾರು 600 ಡಾಲರ್. ಲೆಕ್ಕ ಮುಂದೆ ಕೊಡುತ್ತೇನೆ.

ಮೊದಲು ಅಲಾರಂ ಬದಲಾಯಿಸಿದೆ. ಇದು ದಂಡದ ಖರ್ಚಲ್ಲ, ಯಾಕೆಂದರೆ ಹಳೆಯದು ಟ್ರೇಲರ್ ಜೊತೆಗೇ ಬಂದಿದ್ದು, ಅದರ ಬೆನ್ನ ಮೇಲಿದ್ದ ತಾರೀಖು ನೋಡಿದರೆ ಆಯಸ್ಸು ಯಾವತ್ತೋ ಮುಗಿದಿತ್ತು. 80 ಡಾಲರ್. ಮುಂದಿನ ಟ್ರಿಪ್ಪಿನಲ್ಲಿ ಹೊಸದೂ ಕಿರುಚಿತು, ಅದೂ ಇನ್ನೂ ಜೋರಾಗಿ.

ಆಮೇಲೆ ಸೋಪಿನ ನೀರು. ಎಲ್ಲ ಜಾಯಿಂಟಿಗೂ ಹಚ್ಚಿದೆ, ಒಂದು ಗುಳ್ಳೆಯೂ ಇಲ್ಲ. (ಅಮೋನಿಯಾ ಇರುವ ಸೋಪು ಬಳಸಬೇಡಿ, ಹಿತ್ತಾಳೆ ಫಿಟ್ಟಿಂಗ್ ಬಿರುಕು ಬಿಡುತ್ತದೆ.) ಸಮಾಧಾನವಾಗದೆ ಮನೆಗೇ ಬರುವ ಟೆಕ್ನಿಷಿಯನ್ ಒಬ್ಬರನ್ನು ಕರೆಸಿದೆ. ಅವರು ಮ್ಯಾನೋಮೀಟರ್ (ಗ್ಯಾಸಿನ ಒತ್ತಡ ಅಳೆಯುವ ಮೀಟರ್) ಹಾಕಿ, ಒತ್ತಡವನ್ನು ನೀರಿನ ಮಟ್ಟದ ಅಳತೆಯಲ್ಲಿ 8 ಇಂಚಿಗೆ ಇಳಿಸಿ, ಮೂರು ನಿಮಿಷ ಬಿಟ್ಟರು. ಮುಳ್ಳು ಅಲ್ಲಾಡಲಿಲ್ಲ. "ಲೈನ್ ಚೆನ್ನಾಗಿದೆ, ನಿಮ್ಮ ಅಲಾರಂ ಸೂಕ್ಷ್ಮ ಜಾಸ್ತಿ" ಎಂದು ಹೇಳಿ 175 ಡಾಲರ್ ತಗೊಂಡು ಹೋದರು. ಲೈನಿನ ವಿಷಯದಲ್ಲಿ ಅವರು ಹೇಳಿದ್ದು ಸರಿಯೇ ಇತ್ತು. ಆದರೂ ಮನಸ್ಸು ಕೇಳದೆ ರೆಗ್ಯುಲೇಟರ್ ಕೂಡ ಬದಲಾಯಿಸಿದೆ. 40 ಡಾಲರ್, ಸುಮ್ನೆ.

ಇಷ್ಟಾದಾಗ ಗೆಳೆಯರ ಗುಂಪಿನಲ್ಲಿ ತಲೆಗೊಂದು ತೀರ್ಪು ಬಂತು. ಒಬ್ಬ ಇಂಗಿನ ಒಗ್ಗರಣೆ ಅಂದ. ಇನ್ನೊಬ್ಬ ದೋಸೆ ಹಿಟ್ಟು ಹುದುಗು ಬಂದು ಗಾಳಿ ಬಿಡುತ್ತಿದೆ ಅಂದ. ಮೂರನೆಯವನು ಫ್ಯೂಸ್ ಕಿತ್ತು ಮಲಗು ಅಂದ. ಅವನ ಮಾತು ಕೇಳಬೇಡಿ. ಉಳಿದ ಎರಡನ್ನು ಪರೀಕ್ಷೆ ಮಾಡಿಯೇ ನೋಡಿದೆ. ಎರಡು ಲೀಟರ್ ದೋಸೆ ಹಿಟ್ಟನ್ನು ಅಲಾರಂ ಮುಂದೆಯೇ ರಾತ್ರಿಯಿಡೀ ಇಟ್ಟೆ. ಹಿಟ್ಟು ಉಕ್ಕಿ ನೆಲಕ್ಕೆ ಬಂತು, ಅಲಾರಂ ಮಿಸುಕಲಿಲ್ಲ. ಇಂಗು, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಚಾವಣಿಯ ಹೊಗೆ ಅಲಾರಂ ಕೂಗಿತು, ಗ್ಯಾಸಿನದು ತೆಪ್ಪಗಿತ್ತು. ಊದುಬತ್ತಿಗೂ ಏನಿಲ್ಲ. ಆದರೆ ಕೈಗೆ ಹಚ್ಚುವ ಸ್ಯಾನಿಟೈಸರನ್ನು ಬಟ್ಟೆಗೆ ಸುರಿದು ಹತ್ತಿರ ಹಿಡಿದೆ ನೋಡಿ, ಅರ್ಧ ನಿಮಿಷದೊಳಗೆ ಶುರು. ಹೇರ್ ಸ್ಪ್ರೇಗೂ ಹಾಗೇ. ಅಂದರೆ ಈ ಪೆಟ್ಟಿಗೆಗೆ ಪ್ರೊಪೇನ್ ಒಂದೇ ಅಲ್ಲ, ಉರಿಯುವ ಆವಿ ಯಾವುದಾದರೂ ನಡೆಯುತ್ತದೆ. ಓದಿ ಗೊತ್ತಿತ್ತು, ಕಣ್ಣಾರೆ ನೋಡಿದ ಮೇಲೆ ತಲೆಗೆ ಹತ್ತಿತು.

ಆಗ ನನ್ನ ವಿಧಾನ ಹುಟ್ಟಿತು. ಇದರ ಬಗ್ಗೆ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ. 95 ಡಾಲರ್ ಕೊಟ್ಟು ಇನ್ನೊಂದು ಕಂಪನಿಯ ಅಲಾರಂ ತಂದೆ. ಅದನ್ನು ಟ್ರೇಲರ್ ವೈರಿಂಗ್‌ಗೆ ಸೇರಿಸಲಿಲ್ಲ. ಹಳೆಯ ಯುಪಿಎಸ್‌ನಿಂದ ತೆಗೆದ 12 ವೋಲ್ಟಿನ ಪುಟ್ಟ ಬ್ಯಾಟರಿಗೆ ಸೇರಿಸಿ, ಉದ್ದ ವೈರ್ ಬಿಟ್ಟೆ. ಈಗ ಅದನ್ನು ನಾಯಿ ಹಿಡಿದುಕೊಂಡು ಹೋದ ಹಾಗೆ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಟ್ರೇಲರ್‌ನ ಕರೆಂಟಿನ ಏರುಪೇರು ಇದಕ್ಕೆ ತಟ್ಟುವುದಿಲ್ಲ. ಒಂದು ನೋಟ್‌ಬುಕ್ ಇಟ್ಟು ಗಂಟೆ, ಸಿಲಿಂಡರ್, ಶೋರ್ ಪವರ್ (ಹೊರಗಿನ ಪ್ಲಗ್ಗಿನಿಂದ ಬರುವ ಕರೆಂಟ್), ವೋಲ್ಟೇಜ್ ಎಲ್ಲ ಬರೆಯತೊಡಗಿದೆ. ಟ್ರೇಲರನ್ನು ಮನೆ ಮುಂದೆ ನಿಲ್ಲಿಸಿಕೊಂಡೇ ಇದೆಲ್ಲ. ನಾಲ್ಕನೇ ದಿನಕ್ಕೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ (ಎಚ್‌ಒಎ) ಕಾಗದ ಬಂತು, ಅದು ಬೇರೆ ಕಥೆ.

ಸಿಲಿಂಡರ್ ಬಂದ್, ಶೋರ್ ಪವರ್ ಆನ್: ಬೆಳಗಿನ ಜಾವ ಎರಡೂ ಅಲಾರಂ ಕಿರುಚಿದವು. ಸಿಲಿಂಡರ್ ಆನ್ ಮಾಡಿ, ಶೋರ್ ಪವರ್ ಕಿತ್ತೆ: ಎರಡು ರಾತ್ರಿ ನಿಶ್ಶಬ್ದ. ಅಲ್ಲಿಗೆ ಪ್ರೊಪೇನ್ ಖುಲಾಸೆ. ಕೂಡಲೇ ಇನ್ನೊಂದು ನೆನಪಾಯಿತು. ಸೆಪ್ಟೆಂಬರ್‌ನಲ್ಲಿ ಅದೇ ಗ್ರ್ಯಾಂಡ್ ಕ್ಯಾನ್ಯನ್‌ನ ಮ್ಯಾದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಮೂರು ರಾತ್ರಿ ಇದ್ದೆವು. ಅಲ್ಲಿ ಕರೆಂಟ್ ಕನೆಕ್ಷನ್ ಇಲ್ಲ. ಒಂದು ಸಲವೂ ಕಿರುಚಿರಲಿಲ್ಲ. ಆದರೆ ರಾತ್ರಿ ಹತ್ತಕ್ಕೆಲ್ಲ ದೀಪ ಮಂಕಾಗುತ್ತಿತ್ತು. ಬ್ಯಾಟರಿಗೆ ವಯಸ್ಸಾಯಿತು ಅಂತ ಕೈಬಿಟ್ಟಿದ್ದೆ. ಸುಳಿವು ಕೈಯಲ್ಲೇ ಇತ್ತು.

ಇಲ್ಲೊಂದು ತಪ್ಪು ಮಾಡಿದೆ. ಹೊರಗಿನ ಕರೆಂಟಿನಿಂದ ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಓವರ್‌ಚಾರ್ಜ್ ಮಾಡುತ್ತಿದೆ ಅಂತ ಅಳೆಯದೆಯೇ ತೀರ್ಮಾನಿಸಿ 190 ಡಾಲರಿನ ಹೊಸದು ಹಾಕಿದೆ. ಎರಡನೇ ರಾತ್ರಿ ಮತ್ತೆ ಅದೇ ಸಂಗೀತ. ಆಮೇಲೆ ಮೀಟರ್ ಹಿಡಿದರೆ 13.6 ವೋಲ್ಟ್, ನಿರಪರಾಧಿ. ಹಳೆಯ ಕನ್ವರ್ಟರ್‌ಗೂ ಅಷ್ಟೇ ಬಂತು.

ಕೊನೆಗೆ ಆಟೋ ಪಾರ್ಟ್ಸ್ ಅಂಗಡಿಯಿಂದ 10 ಡಾಲರಿನ ಹೈಡ್ರೋಮೀಟರ್ ತಂದೆ. ಬ್ಯಾಟರಿಯ ಆಸಿಡ್ ಎಷ್ಟು ಗಟ್ಟಿ ಇದೆ, ಅಂದರೆ ಚಾರ್ಜ್ ಎಷ್ಟಿದೆ ಅಂತ ತೋರಿಸುವ ಕೊಳವೆ ಅದು. ಮುಚ್ಚಳ ತೆಗೆದರೆ ಬ್ಯಾಟರಿ ಬೆಚ್ಚಗಿತ್ತು. ಎರಡೂ ಬ್ಯಾಟರಿ ಸೇರಿ ಇರುವ ಆರು ಸೆಲ್‌ಗಳ ಪೈಕಿ ಐದರಲ್ಲಿ 1.270ರ ಆಸುಪಾಸು, ಅಂದರೆ ಫುಲ್ ಚಾರ್ಜ್, ನೀರು ಪ್ಲೇಟಿನ ಮಟ್ಟಕ್ಕೆ ಇಳಿದಿತ್ತು. ಆರನೆಯದರಲ್ಲಿ ನೀರು ಭರ್ತಿ, ಆದರೆ ರೀಡಿಂಗ್ ಹೆಚ್ಚು ಕಡಿಮೆ 1.120 ಅಷ್ಟೇ. ಆ ಸೆಲ್ ಒಳಗೇ ಶಾರ್ಟ್ ಆಗಿತ್ತು. ಆರು ಸೆಲ್ ಹಂಚಿಕೊಳ್ಳಬೇಕಾದ 13.6 ವೋಲ್ಟನ್ನು ಐದೇ ಹಂಚಿಕೊಂಡರೆ ತಲೆಗೆ 2.72. ಸುಮಾರು 2.4 ದಾಟಿದರೆ ಆಸಿಡ್ ಬ್ಯಾಟರಿ ಗುಳ್ಳೆ ಬಿಡಲು ಶುರು ಮಾಡುತ್ತದೆ, ಇದಂತೂ ಕುದಿಯುತ್ತಿತ್ತು. ಪ್ಲಗ್ ಹಾಕಿದ ಸಂಜೆಯಿಂದ ಮೂರು ಗಂಟೆಯವರೆಗೆ ಮಂಚದ ಕೆಳಗೆ ಹೈಡ್ರೋಜನ್ ಶೇಖರಣೆ. ಜೊತೆಗೆ ಬಿಸಿಯಾದ ಬ್ಯಾಟರಿಯಿಂದ ಗಂಧಕದ ವಾಸನೆ. ಪುಸ್ತಕದಲ್ಲೆಲ್ಲ ಕೊಳೆತ ಮೊಟ್ಟೆಯ ವಾಸನೆ ಅಂತ ಬರೆದಿರುತ್ತಾರೆ. ನಾವು ಮೊಟ್ಟೆ ಮುಟ್ಟದ ಮನೆಯವರು. ಕಪ್ಪುಪ್ಪಿನ ವಾಸನೆಯೂ ಅದೇ ಗಂಧಕದ್ದು. ಪಾನಿಪುರಿ ನೀರು! ಅವಳು ಮೊದಲ ರಾತ್ರಿಯೇ ಹೇಳಿದ್ದಳು. ಪ್ರತಿ ತಿಂಗಳೂ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಸುರಿಯುತ್ತಾ, ನೀರು ಆರುತ್ತಿದೆ ಅಂತ ಫೀನಿಕ್ಸ್ ಬಿಸಿಲನ್ನು ಬೈಯುತ್ತಿದ್ದವನು ನಾನು.

ಇನ್ನು ಗೆಳೆಯರ ಪ್ರಶ್ನೆ. ಹೈಡ್ರೋಜನ್ ಮೇಲಕ್ಕೇ ಹೋಗುತ್ತದೆ, ನಿಜ. ಆದರೆ ಮೇಲೆ ಪ್ಲೈವುಡ್, ಅದರ ಮೇಲೆ ದಪ್ಪ ಹಾಸಿಗೆ. ಗೂಡಿನಿಂದ ಹೊರಗೆ ಬರಲು ಇದ್ದದ್ದು ಒಂದೇ ಕಿಂಡಿ. ಯಾವುದು ಗೊತ್ತಾ? ಅಲಾರಂ ಕೂರಿಸಲು ಮಂಚದ ಪಕ್ಕದ ಹಲಗೆಯಲ್ಲಿ ಕೊರೆದ ತೂತು. ಗ್ಯಾಸ್ ಅಲಾರಂನ ಬೆನ್ನಿಗೇ ಬಂದು ಬಡಿಯುತ್ತಿತ್ತು. ನನ್ನ "ನಾಯಿ"ಯನ್ನು ಗೂಡಿನೊಳಗೆ ಬಿಟ್ಟು ನೋಡಿದೆ. ಹೊರಗಿನದಕ್ಕಿಂತ ಮುಕ್ಕಾಲು ಗಂಟೆ ಮೊದಲೇ ಕಿರುಚಿತು. ಇನ್ನೊಂದು ರಾತ್ರಿ ತೂತಿಗೆ ಪುಟ್ಟಿ ಮೆತ್ತಿದೆ. ಒಳಗಿನದು ಕಿರುಚಿತು, ಹೊರಗಿನದು ಸುಮ್ಮನಿತ್ತು. ತಕ್ಷಣ ಪ್ಲಗ್ ಕಿತ್ತು ಹಾಸಿಗೆ ಎತ್ತಿ ಗಾಳಿಗೆ ಬಿಟ್ಟೆ. ಇದಕ್ಕಿಂತ ಪುರಾವೆ ಬೇಕಾ? ಗಾಳಿಯಲ್ಲಿ ಹೈಡ್ರೋಜನ್ ಶೇಕಡ 4 ಮುಟ್ಟಿದರೆ ಒಂದು ಕಿಡಿ ಸಾಕು. ಅದರ ಮೇಲೆ ನಾವು ಹಾಸಿಗೆ ಹಾಸಿ ಮಲಗುತ್ತಿದ್ದೆವು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಷ್ಟು ದಿನ ಅದನ್ನು ಸುಳ್ಳು ಅಲಾರಂ ಅಂತ ಕರೆದೆನಲ್ಲ.

ಹೊಸ ಬ್ಯಾಟರಿ ಜೋಡಿಗೆ ಹಳೆಯದನ್ನು ವಾಪಸ್ ಕೊಟ್ಟು ಸುಮಾರು 280 ಡಾಲರ್ ಆಯಿತು. ಒಳಗೆ ಇಡಲಿಲ್ಲ, ಮುಂದೆ ಕೊಕ್ಕೆಯ ಹತ್ತಿರ ಮೊದಲಿನ ಜಾಗಕ್ಕೇ ಕಳಿಸಿದೆ. ಕಳ್ಳರು ಕೀಳದ ಹಾಗೆ ಅದನ್ನು ಬಿಗಿದಿರುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಕಳ್ಳರಿಗೂ ಕನ್ನಡ ಬರಬಹುದು. ಎದುರಿಗೆ ಸಿಕ್ಕವರಿಗೆ ತೋರಿಸುತ್ತೇನೆ.

ಲೆಕ್ಕ: ಬ್ಯಾಟರಿ, ಹೈಡ್ರೋಮೀಟರ್ ಬಿಟ್ಟು ಉಳಿದದ್ದು 580 ಡಾಲರ್. ಅದರಲ್ಲಿ ಮೊದಲ ಅಲಾರಂ ಒಂದು ಬೇಕಾಗಿಯೇ ಇತ್ತು, ನಾಯಿ ಅಲಾರಂ ಈಗ ಗೆಳೆಯರ ಟ್ರೇಲರ್‌ಗಳಿಗೆ ಬಾಡಿಗೆಯಿಲ್ಲದೆ ಹೋಗಿ ಬರುತ್ತಿದೆ. ಹಳೆಯ ಕನ್ವರ್ಟರ್ ಗ್ಯಾರೇಜಿನಲ್ಲಿ ಕೂತಿದೆ, 13.6 ಸರಿಯಾಗಿ ಕೊಡುತ್ತದೆ. ಫೀನಿಕ್ಸ್ ಕಡೆಯವರು ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಿರಿ, ಒಂದು ಕಾಫಿಗೆ ಕೊಡುತ್ತೇನೆ.