ಮುಟ್ಟಿಗೆ ಮುಂಚಿನ ಹತ್ತು ದಿನ: ಗರ್ಭನಿರೋಧಕ ಮಾತ್ರೆ ತಗೊಂಡ ನನ್ನ ಅನುಭವ

ಒಂದು ಬೆಳಿಗ್ಗೆ ಮಗಳ ಟಿಫಿನ್ ಡಬ್ಬಿಯ ಮುಚ್ಚಳ ಕೂರಲಿಲ್ಲ ಅಂತ ಚಪಾತಿ ಸಮೇತ ಡಬ್ಬಿಯನ್ನು ಸಿಂಕಿಗೆ ಎಸೆದುಬಿಟ್ಟೆ. ಮಗು ಏನೂ ಮಾತಾಡದೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತಳು. ಅವತ್ತು ಮಧ್ಯಾಹ್ನವೇ ಮುಟ್ಟಾಯಿತು. ಮಾರನೇ ದಿನಕ್ಕೆ ಮನಸ್ಸು ತಿಳಿ.

ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. ಡೇಟಿಗೆ ಹತ್ತು ದಿನ ಇದೆ ಅನ್ನುವಾಗ ಸ್ತನಗಳಲ್ಲಿ ಬಿಗಿತ, ಹೊಟ್ಟೆ ಉಬ್ಬರ ಶುರು, ನಿದ್ದೆ ಹತ್ತುತ್ತಿರಲಿಲ್ಲ. ಅದನ್ನೆಲ್ಲ ಹೇಗೋ ತಡೆದುಕೊಳ್ಳಬಹುದು, ಆದರೆ ಸುಮ್ನೆ ಕೂತಲ್ಲೇ ಅಳು ಬರೋದು, ಮನೆಯವರ ಮೇಲೆಲ್ಲ ರೇಗೋದು ತಡೆಯಲು ಆಗುತ್ತಿರಲಿಲ್ಲ. ಅತ್ತೆ "ಹೆಂಗಸರಿಗೆ ಇದೆಲ್ಲ ಇದ್ದದ್ದೇ ಕಣಮ್ಮ" ಅಂದರು. ಮೊದಲು ತೋರಿಸಿದ ಡಾಕ್ಟರು ವಿಟಮಿನ್ ಮಾತ್ರೆ ಬರೆದು ಕಳಿಸಿದರು.

ಎರಡನೇ ಡಾಕ್ಟರು ಮಾತ್ರೆ ಬರೆಯಲಿಲ್ಲ. ಎರಡು ತಿಂಗಳು ದಿನಾ ಬರೆದಿಟ್ಟು ಬನ್ನಿ ಅಂದರು. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಸಿಟ್ಟು, ಅಳು, ನಿದ್ದೆ, ಉಬ್ಬರ ನಾಲ್ಕಕ್ಕೂ ರಾತ್ರಿ ಮಲಗುವ ಮುಂಚೆ 1ರಿಂದ (ಏನೂ ಇಲ್ಲ) 6ರ ತನಕ (ತುಂಬಾ ಜಾಸ್ತಿ) ಅಂಕಿ ಹಾಕಿದೆ. ಮುಟ್ಟಾದ ದಿನದಿಂದ ಎಣಿಸಿದರೆ, ತಿಂಗಳ ಮೊದಲರ್ಧವೆಲ್ಲ 1, 1, 2. ಹದಿನೆಂಟನೇ ದಿನ ದಾಟಿದ ಮೇಲೆ 4, 5, 6. ಮುಟ್ಟಾದ ಎರಡನೇ ದಿನ ಮತ್ತೆ 1. ಎರಡೂ ತಿಂಗಳು ಹೀಗೇ ಬಂತು. ಇಡೀ ತಿಂಗಳು ಅಂಕಿ ಮೇಲೇ ಇದ್ದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ ಅಂತ ಅವರು ಹೇಳಿದರು. ನನ್ನದು ಪಿಎಂಡಿಡಿ, ಅಂದರೆ ಮುಟ್ಟಿಗೆ ಮುಂಚೆ ಮೈಮನಸ್ಸಿಗೆ ಆಗುವ ತೊಂದರೆಗಳಾದ ಪಿಎಂಎಸ್‌ನ ತೀವ್ರ ರೂಪ.

ನನ್ನ ಹಾರ್ಮೋನು ಹೆಚ್ಚು ಕಮ್ಮಿ ಏನಲ್ಲವಂತೆ. ಅಂಡ ಬಿಡುಗಡೆಯಾದ ಮೇಲೆ ಎಲ್ಲರಿಗೂ ಆಗುವ ಏರಿಳಿತವೇ, ನನ್ನ ಮಿದುಳಿಗೆ ಅದು ಜಾಸ್ತಿ ತಾಗುತ್ತದೆ. ಗರ್ಭನಿರೋಧಕ ಮಾತ್ರೆ ಅಂಡ ಬಿಡುಗಡೆಯನ್ನೇ ತಡೆಯುವುದರಿಂದ ಏರಿಳಿತ ಕಮ್ಮಿಯಾಗುತ್ತದೆ.

ಮೊದಲು ಕೊಟ್ಟದ್ದು 21 ದಿನ ತಗೊಂಡು 7 ದಿನ ಬಿಡುವ ಮಾತ್ರೆ. ಎರಡು ವಾರ ವಾಕರಿಕೆ, ಮಧ್ಯೆ ಮಧ್ಯೆ ಸ್ವಲ್ಪ ಸ್ವಲ್ಪ ರಕ್ತ. ಅದು ಮೂರು ತಿಂಗಳೊಳಗೆ ಸರಿಹೋಯಿತು. ಆದರೆ ಬಿಡುವಿನ ಆ ಏಳು ದಿನ ತಲೆನೋವೂ ಅಳುವೂ ವಾಪಸ್. ಕ್ಯಾಲೆಂಡರ್ ತೋರಿಸಿದೆ. ಆಗ 24 ಮಾತ್ರೆ ಮತ್ತು ಔಷಧಿ ಇಲ್ಲದ 4 ಖಾಲಿ ಮಾತ್ರೆ ಇರುವ ಸ್ಟ್ರಿಪ್‌ಗೆ ಬದಲಾಯಿಸಿದರು. ಅದರಲ್ಲಿರುವ ಎರಡು ಹಾರ್ಮೋನು: ಡ್ರಾಸ್ಪಿರಿನೋನ್ 3 ಮಿಲಿಗ್ರಾಂ, ಎಥಿನಿಲ್ ಎಸ್ಟ್ರಾಡಯಾಲ್ 20 ಮೈಕ್ರೋಗ್ರಾಂ. 2006ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಿಎಂಡಿಡಿಗೆ ಒಪ್ಪಿಗೆ ಕೊಟ್ಟದ್ದು ಈ ಜೋಡಿಗೇ. ಎಲ್ಲ ಗರ್ಭನಿರೋಧಕ ಮಾತ್ರೆಯೂ ಇದಕ್ಕೆ ಒಂದೇ ಅಲ್ಲ, ಅದಕ್ಕೇ ಮೆಡಿಕಲ್ ಶಾಪಿನಲ್ಲಿ ಯಾವುದೋ ಒಂದನ್ನು ಕೇಳಿ ತಗೋಬೇಡಿ.

ಮಾತ್ರೆ ಬರೆದುಕೊಡುವ ಮುಂಚೆ ಡಾಕ್ಟರು ನನ್ನ ಬಿಪಿ ನೋಡಿದರು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದಿದೆಯಾ, ಸಿಗರೇಟ್ ಸೇದುತ್ತೀರಾ, ಪೊಟ್ಯಾಸಿಯಂ ಏರಿಸುವ ಔಷಧಿ ಏನಾದರೂ ಇದೆಯಾ ಅಂತ ಕೇಳಿದರು. ಕಣ್ಣ ಮುಂದೆ ಮಿಂಚು ಹೊಡೆದು ಬರುವ ಮೈಗ್ರೇನ್ ಇದ್ದವರಿಗೆ ಈ ಮಾತ್ರೆ ಕೊಡುವುದಿಲ್ಲ. ಕಾಲಿನ ಮೀನಖಂಡ ಊದಿ ನೋವು ಬಂದರೆ, ಎದೆ ನೋವು ಅಥವಾ ಉಸಿರಾಟದ ತೊಂದರೆ ಆದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಅಂದದ್ದನ್ನು ಮನೆಯವರಿಗೂ ಹೇಳಿಟ್ಟಿದ್ದೇನೆ.

ಸ್ಟ್ರಿಪ್ ಕಂಡು ಅತ್ತೆ "ಇನ್ನೊಂದು ಮಗು ಬೇಡ್ವಾ ಹಾಗಾದ್ರೆ?" ಅಂದರು. ಕ್ಯಾಲೆಂಡರಿನ ಮುಂದೆ ಕರೆದುಕೊಂಡು ಹೋಗಿ ಅಂಕಿಗಳನ್ನು ತೋರಿಸಿದೆ. ಸುಮಾರು ಹೊತ್ತು ನೋಡಿದರು. ಈಗ ರಾತ್ರಿ ಒಂಬತ್ತಕ್ಕೆ "ಮಾತ್ರೆ ಆಯ್ತೇನಮ್ಮ?" ಅಂತ ಕೇಳುವುದು ಅವರೇ.

ಎಲ್ಲರಿಗೂ ಇದೇ ಆಗುತ್ತದೆ ಅಂತ ಹೇಳಲಾರೆ. ನನ್ನ ಗೆಳತಿಗೆ ಇದೇ ಮಾತ್ರೆಯಿಂದ ಮನಸ್ಸು ಇನ್ನೂ ಕುಗ್ಗಿತು, ಎರಡೇ ತಿಂಗಳಿಗೆ ಬಿಟ್ಟಳು. ಅವಳಿಗೆ ಖಿನ್ನತೆಗೆ ಕೊಡುವ ಜಾತಿಯ ಮಾತ್ರೆಯನ್ನು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಕೊಟ್ಟರು, ಅದು ಹಿಡಿಯಿತು. ನನಗೂ ಪೂರ್ತಿ ಹೋಗಿಲ್ಲ. ಉಬ್ಬರ ಇಲ್ಲ, ನಿದ್ದೆ ಬರುತ್ತದೆ, ಅಳು ಒಂದೆರಡು ದಿನ ಇಣುಕುತ್ತದೆ. ಅಂಕಿ ಬರೆಯುವುದನ್ನು ಮಾತ್ರ ಬಿಟ್ಟಿಲ್ಲ. ಕಳೆದ ತಿಂಗಳು ಸಿಟ್ಟಿಗೆ ಬಿದ್ದ ಅತಿ ದೊಡ್ಡ ಅಂಕಿ 3.