ಮಳೆಗಾಲಕ್ಕೆ ಮೊದಲು ಚರಂಡಿ ಆಗಬೇಕೇ? ಉಡುಪಿ ನಗರಸಭೆಯಲ್ಲಿ ಅರ್ಜಿ ನಡೆಯುವ ದಾರಿ

ಮೊದಲು ಆ ಜಾಗ ಯಾರ ವ್ಯಾಪ್ತಿಗೆ ಸೇರಿದ್ದು ಎಂದು ನೋಡಿಕೊಳ್ಳಿ. ಎಷ್ಟೋ ಅರ್ಜಿಗಳು ಇಲ್ಲಿಯೇ ದಾರಿ ತಪ್ಪುತ್ತವೆ. ಕಲ್ಸಂಕದಿಂದ ಇಂದ್ರಾಳಿ ದಾಟಿ ಮಣಿಪಾಲಕ್ಕೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 169ಎ. ಅಲ್ಲಿನ ಹೊಂಡಕ್ಕೆ ನಗರಸಭೆಯನ್ನು ಬೈದು ಪ್ರಯೋಜನವಿಲ್ಲ, ಹೆದ್ದಾರಿಯವರಿಗೆ ಬರೆಯಬೇಕು. ಕಂಬ, ತಂತಿ ವಿದ್ಯುತ್ ಕಂಪನಿಯಾದ ಮೆಸ್ಕಾಂನದು. ಅದೇ ಕಂಬದಲ್ಲಿ ಉರಿಯುವ ಬೀದಿದೀಪ ನಗರಸಭೆಯದು. ವಿಳಾಸದಲ್ಲಿ ಮಣಿಪಾಲ ಎಂದಿದ್ದರೂ ಮನೆ 80 ಬಡಗಬೆಟ್ಟು ಗ್ರಾಮ ಪಂಚಾಯತ್‌ನಲ್ಲಿರಬಹುದು. ಮನೆ ತೆರಿಗೆ ರಶೀದಿ ತೆಗೆದು ನೋಡಿದರೆ ಗೊತ್ತಾಗುತ್ತದೆ.

ನಗರಸಭೆಯಲ್ಲಿ 35 ವಾರ್ಡ್‌ಗಳು, ವಾರ್ಡಿಗೊಬ್ಬ ಚುನಾಯಿತ ಸದಸ್ಯರು. ಶಾಸಕರು, ಸಂಸದರಿಗೂ ಸಭೆಯಲ್ಲಿ ಮತವಿದೆ. ಸರಕಾರ ನಾಮನಿರ್ದೇಶನ ಮಾಡಿದವರಿಗೆ ಇಲ್ಲ. ನಿರ್ಣಯ ಮಾಡುವುದು ಸಭೆ, ಅದನ್ನು ಜಾರಿ ಮಾಡುವುದು ಸರಕಾರದ ಅಧಿಕಾರಿಯಾದ ಪೌರಾಯುಕ್ತರು. ಹಾಗಾಗಿ ವಾರ್ಡ್ ಸದಸ್ಯರು ದಾರಿಯಲ್ಲಿ ಸಿಕ್ಕಿ "ಆಗ್ತದೆ ಮಾರಾಯ್ರೆ, ಮಾಡಿಸುವ" ಎಂದರೆ ಕಡತ ಹುಟ್ಟಿತು ಎಂದು ತಿಳಿಯಬೇಡಿ. ಅವಧಿ ಮುಗಿದು ಚುನಾವಣೆ ಆಗದಿದ್ದರೆ ಸಭೆಯ ಅಧಿಕಾರ ಸರಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿರುತ್ತದೆ. ಆಗ ಅರ್ಜಿಯ ಒಂದು ಪ್ರತಿ ಅವರಿಗೂ ಹೋಗಲಿ.

ಅರ್ಜಿ ಪೌರಾಯುಕ್ತರ ಹೆಸರಿಗೆ ಇರಲಿ, ಪ್ರತಿ ವಾರ್ಡ್ ಸದಸ್ಯರಿಗೆ. ಒಂದು ಅರ್ಜಿಗೆ ಒಂದೇ ವಿಷಯ. ನೀರು, ದೀಪ, ಚರಂಡಿ ಮೂರನ್ನೂ ಒಂದೇ ಹಾಳೆಯಲ್ಲಿ ತುಂಬಿಸಿದರೆ ಅದು ಮೊದಲು ಹೋದ ವಿಭಾಗದ ಮೇಜಿನಲ್ಲೇ ಕೂರುತ್ತದೆ. ವಾರ್ಡ್ ಸಂಖ್ಯೆ, ಎಲ್ಲಿಂದ ಎಲ್ಲಿಯವರೆಗೆ, ಸುಮಾರು ಎಷ್ಟು ಮೀಟರ್, ಮಳೆ ನೀರು ಎಲ್ಲಿ ನಿಲ್ಲುತ್ತದೆ, ಕೊನೆಗೆ ಯಾವ ತೋಡಿಗೆ ಸೇರಬೇಕು, ಇಷ್ಟನ್ನು ಬರೆಯಿರಿ. ಕಿರಿಯ ಎಂಜಿನಿಯರ್ ಸ್ಥಳಕ್ಕೆ ಬಂದಾಗ ಖರ್ಚಿನ ಅಂದಾಜುಪಟ್ಟಿಗೆ ಬೇಕಾಗುವುದೂ ಇದೇ. ಮಳೆ ಬರುವಾಗಲೇ ತೆಗೆದ ಎರಡು ಫೋಟೊ ಲಗತ್ತಿಸಿ. ಜನವರಿಯ ಒಣ ನೆಲದ ಫೋಟೊ ಏನನ್ನೂ ತೋರಿಸುವುದಿಲ್ಲ. ಚರಂಡಿ ಯಾರದಾದರೂ ಖಾಸಗಿ ಜಾಗದಲ್ಲಿ ಹಾಯಬೇಕಿದ್ದರೆ ಅವರ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಹಣ ಮಂಜೂರಾದ ಮೇಲೂ ಕೆಲಸ ನಿಲ್ಲಲು ಇದೊಂದು ತಕರಾರು ಸಾಕು.

ನಗರಸಭೆಯಲ್ಲಿ ಅರ್ಜಿ ತೆಗೆದುಕೊಳ್ಳುವ ಟಪಾಲು ವಿಭಾಗಕ್ಕೆ ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವಾರ್ಡ್ ನಂಬರ್ (ಅರ್ಜಿ ಸ್ವೀಕರಿಸಿದ ಸಂಖ್ಯೆ) ಬೀಳದೆ ಹೊರಡಬೇಡಿ. ಬೀದಿದೀಪ, ಕಸದಂಥ ದಿನನಿತ್ಯದ ದೂರಿಗೆ ಜನಹಿತ ಆ್ಯಪ್ ಸಾಕು. ಕಾಮಗಾರಿಗೆ ಕಾಗದವೇ ಬೇಕು.

ಇನ್ನು ಸಮಯ. ಇರುವ ಚರಂಡಿಯ ಹೂಳೆತ್ತುವುದು ಬೇರೆ, ಹೊಸದಾಗಿ ಕಟ್ಟುವುದು ಬೇರೆ. ಹೂಳೆತ್ತಲು ಏಪ್ರಿಲ್‌ನಲ್ಲಿ ಕೇಳಿದರೂ ನಡೆದೀತು. ಹೊಸ ಚರಂಡಿಗೆ ಸ್ಥಳ ಪರಿಶೀಲನೆ, ಅಂದಾಜುಪಟ್ಟಿ, ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಲ್ಲ ಆಗಬೇಕು. ಏಪ್ರಿಲ್‌ನಲ್ಲಿ ಕೊಟ್ಟ ಅರ್ಜಿಯ ಕಡತ ಮುಗಿಯುವಷ್ಟರಲ್ಲಿ ಜೂನ್ ಬಂದಿರುತ್ತದೆ. ನಮ್ಮ ಕರಾವಳಿಯಲ್ಲಿ ಆಮೇಲೆ ಅಗೆಯುವ ಮಾತೇ ಇಲ್ಲ. ಆದ್ದರಿಂದ ಮಳೆ ಬಿಟ್ಟ ಕೂಡಲೇ, ಅಕ್ಟೋಬರ್ ಹೊತ್ತಿಗೆ ಅರ್ಜಿ ಕೊಡಿ. ಏಪ್ರಿಲ್‌ನಿಂದ ಶುರುವಾಗುವ ವರ್ಷದ ಬಜೆಟಿಗೆ ಮೊದಲು ಸಾರ್ವಜನಿಕರ ಸಲಹೆ ಕೇಳುವ ಸಭೆಗೂ ಇದು ಹೊಂದುತ್ತದೆ. ಆ ಸಭೆಗೆ ಹೋಗಿ. ಬರೀ "ನಮ್ಮ ರಸ್ತೆ ಹಾಳಾಗಿದೆ" ಎನ್ನಬೇಡಿ, ಇನ್‌ವಾರ್ಡ್ ನಂಬರ್ ಹೇಳಿ, ಇಂಥ ಕಾಮಗಾರಿಗೆ ಹಣ ಇಡಿ ಎಂದು ಬರೆದು ಕೊಡಿ. ಪರಿಶಿಷ್ಟರ ಕಾಲನಿಯ ಕೆಲಸವಾದರೆ ಶೇ. 24.10ರ ಮೀಸಲು ನಿಧಿಯನ್ನೂ ಕೇಳಿ; ಅಂಗವಿಕಲರಿಗೆ ಶೇ. 5, ಇತರ ಬಡವರಿಗೆ ಶೇ. 7.25 ಬೇರೆಯೇ ಇದೆ.

ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕು. ಸಾರ್ವಜನಿಕರು ಕುಳಿತು ನೋಡಬಹುದು, ಎದ್ದು ಮಾತಾಡುವಂತಿಲ್ಲ. ನಿಮ್ಮ ಪ್ರಶ್ನೆ ಎತ್ತಬೇಕಾದವರು ಸದಸ್ಯರು. ಸಭೆಗೆ ಒಂದು ವಾರ ಮೊದಲೇ ಅವರಿಗೆ ಅರ್ಧ ಪುಟದ ಚೀಟಿ ಕೊಡಿ: ಅರ್ಜಿಯ ದಿನಾಂಕ, ನಂಬರ್, ಒಂದೇ ಪ್ರಶ್ನೆ. ನಂತರ ಸಭೆಯಲ್ಲಿ ಆದದ್ದನ್ನು ದಾಖಲಿಸಿದ ನಡಾವಳಿ ಓದಿ. "ಪರಿಶೀಲಿಸಿ ಕ್ರಮ ಕೈಗೊಳ್ಳುವುದು" ಎಂದಿದ್ದರೆ ಏನೂ ಆಗಿಲ್ಲ ಎಂದೇ ಲೆಕ್ಕ. ಯಾವ ಅನುದಾನ, ಎಷ್ಟು ಮೊತ್ತ ಎಂದು ಬರೆದಿದ್ದರೆ ಮಾತ್ರ ಅದು ನಿರ್ಣಯ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ. "ಯಾಕೆ ಮಾಡಿಲ್ಲ" ಎಂದು ಕೇಳಬೇಡಿ, ಕಾರಣ ಕಡತದಲ್ಲಿ ಇರುವುದಿಲ್ಲ. ಸ್ಥಳ ಪರಿಶೀಲನಾ ವರದಿ, ಅಂದಾಜುಪಟ್ಟಿ, ಕಡತದ ಟಿಪ್ಪಣಿ ಹಾಳೆ, ಇವುಗಳ ಪ್ರತಿ ಕೇಳಿ. 30 ದಿನಗಳಲ್ಲಿ ಕೊಡದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ.

ಮಂಗಳೂರಿನ ಕ್ರಮ ಸ್ವಲ್ಪ ಬೇರೆ. ಅದು 60 ವಾರ್ಡ್‌ಗಳ ಮಹಾನಗರಪಾಲಿಕೆ, ನಡೆಯುವುದು 1976ರ ಕರ್ನಾಟಕ ಮಹಾನಗರಪಾಲಿಕೆಗಳ ಕಾಯ್ದೆಯಂತೆ. ಅಲ್ಲಿನ ವಾರ್ಡ್ ಸಮಿತಿಯಲ್ಲಿ ನಿವಾಸಿಗಳಿಗೂ ಸ್ಥಾನವಿದೆ.

ಕೆಲಸ ಶುರುವಾದರೆ ಅಂದಾಜುಪಟ್ಟಿಯ ಪ್ರತಿ, ಅಳತೆ ಟೇಪು ಹಿಡಿದುಕೊಂಡು ಹೋಗಿ. ಚರಂಡಿಯ ಅಗಲ, ಆಳ, ಗೋಡೆಯ ದಪ್ಪವನ್ನು ಸ್ಲ್ಯಾಬ್ ಮುಚ್ಚುವ ಮೊದಲೇ ಅಳೆಯಬೇಕು. ವ್ಯತ್ಯಾಸ ಕಂಡರೆ ಗುತ್ತಿಗೆದಾರನೊಂದಿಗೆ ಜಗಳ ಬೇಡ. ಬಿಲ್ ಪಾವತಿಗೆ ಮೊದಲು ಪೌರಾಯುಕ್ತರಿಗೆ ಬರೆದು ಕೊಡಿ, ಅದಕ್ಕೂ ಇನ್‌ವಾರ್ಡ್ ನಂಬರ್ ಪಡೆಯಿರಿ.